ಎರಡು ದನಿಯ ಕೀಲಿಮಣೆ

ಬೇಡಕಿಹಾಳದ ಕಡೆ ಭಜನೆಯ ಹಾರ್ಮೋನಿಯಂ ಕೇಳಿ ಬೆಳೆದ ವಿದ್ಯಾರ್ಥಿಗೆ ಡಿಜಿಟಲ್ ಪಿಯಾನೊ ಹೊಸ ಸೌಕರ್ಯವೊಂದನ್ನು ಒದಗಿಸುತ್ತದೆ. ಕೀಲಿಮಣೆಯನ್ನು ಇಬ್ಭಾಗಿಸಿ, ಎಡಗೈಗೆ ಎಳೆದು ನಿಲ್ಲುವ ಶ್ರುತಿನಾದವನ್ನೂ ಬಲಗೈಗೆ ಕೊಳಲಿನ ದನಿಯನ್ನೂ ಇರಿಸಬಹುದು. ಆದರೆ ದನಿ ಎರಡಾದರೂ ಸಾಮಾನ್ಯವಾಗಿ ಸ್ವರಗಳ ಲೆಕ್ಕ ಒಂದೇ: ಸಪ್ತಕಕ್ಕೆ 12 ಸಮಪಾಲು. ಇದರಲ್ಲಿ ಹಿಂದೂಸ್ತಾನಿ ಶುದ್ಧ ಗಾಂಧಾರದ ಕಂಪನಸಂಖ್ಯೆ ಷಡ್ಜದ 1.26ರಷ್ಟಾಗುತ್ತದೆ, ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರದ್ದು 1.25. ಇಂಥ ಸ್ವರಭೇದವೂ ಒಂದು ಕಾರಣವಾಗಿ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ನಿಷೇಧಿಸಿತು. ನಿರ್ಬಂಧ ಸಡಿಲಿದ್ದು 1971ರಲ್ಲಿ. ನಾವು ಬಹಿಷ್ಕಾರವನ್ನು ಬಯಸುವುದಿಲ್ಲ. ಸ್ವರಗಳ ಈ ಲೆಕ್ಕವನ್ನು ಬದಲಿಸುವ ಏರ್ಪಾಡು ಅನೇಕ ಡಿಜಿಟಲ್ ಪಿಯಾನೊಗಳಲ್ಲಿದೆ. ವಿದ್ಯಾರ್ಥಿಗಳು ಎಡಗೈಯಲ್ಲಿ ಷಡ್ಜವನ್ನು ಹಿಡಿದು, ಬಲಗೈಯ ಗಾಂಧಾರವನ್ನು ಎರಡು ಕ್ರಮಗಳಲ್ಲಿಯೂ ಕೇಳಿ ಹೋಲಿಸಲಿ. ಆ ಅಭ್ಯಾಸವಿಲ್ಲದೆ ದನಿಗಳನ್ನಷ್ಟೇ ಬದಲಿಸುತ್ತ ಕುಳಿತರೆ ವಾದ್ಯವು ಆಟಿಕೆಯಾಗಿಯೇ ಉಳಿದೀತು.