ಚಿತ್ರವಿಲ್ಲದ ಕಾರ್ಡುಗಳು

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಜಪಾನ್ ದೇಶದ ಹಳೆಯ ಚಿತ್ರ ಅಂಚೆಕಾರ್ಡುಗಳನ್ನು ನೋಡಲು ಕೆಲವು ಕೊಂಡಿಗಳನ್ನು ಕಳುಹಿಸಿದ್ದ. ಎಲ್ಲವೂ ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳವು. ಕೆಸರುಗದ್ದೆಯಲ್ಲಿ ಸಾಲಾಗಿ ಬಾಗಿ ಬತ್ತದ ನಾಟಿ ಮಾಡುತ್ತಿರುವ ಹೆಂಗಸರು, ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿರುವ ಮನೆಮಂದಿ, ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ಆಟಕ್ಕೆ ನಿಂತ ಪುಟ್ಟ ಹುಡುಗಿ, ನಾರಾ ಪಟ್ಟಣದ ಜಿಂಕೆಗಳು, ಫ್ಯೂಜಿ ಪರ್ವತದ ಹಿನ್ನೆಲೆಯಲ್ಲಿ ಹೆದ್ದಾರಿಯ ಸಾಲುಮರಗಳು, ಮನುಷ್ಯನೇ ಎಳೆಯುವ ಗಾಡಿಗಳು. ಈ ಗಾಡಿಗೆ ಜಪಾನೀಯರು ಇಟ್ಟ ಹೆಸರು 'ಜಿನ್-ರಿಕಿ-ಶ'. 'ಜಿನ್' ಎಂದರೆ ಮನುಷ್ಯ, 'ರಿಕಿ' ಎಂದರೆ ಬಲ, 'ಶ' ಎಂದರೆ ಬಂಡಿ. ನಮ್ಮ ದುರ್ಗದ ಬಸ್ ನಿಲ್ದಾಣದ ಎದುರು ಸಾಲುಗಟ್ಟಿ ನಿಲ್ಲುವ ಆಟೋರಿಕ್ಷಾದ 'ರಿಕ್ಷಾ' ಈ ಮಾತಿನ ಬಾಲವೇ.

ಈ ಕಾರ್ಡುಗಳನ್ನು ಜಗತ್ತು ಈಗ ಬೆಲೆಬಾಳುವ ದಾಖಲೆಗಳೆಂದು ಕಾಪಾಡುತ್ತಿದೆ. ಅಮೆರಿಕದ ಬೋಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯವೊಂದರಲ್ಲೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜಪಾನಿ ಕಾರ್ಡುಗಳಿವೆ. ಅವುಗಳನ್ನು ನೋಡುತ್ತ ಹೋದಂತೆ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ಅದೇ ವರ್ಷಗಳಲ್ಲಿ ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ದಿನನಿತ್ಯದ ಬದುಕು ಹೇಗಿತ್ತು? ಅದನ್ನು ಹೇಳುವ ಕಾರ್ಡುಗಳು ಎಲ್ಲಿವೆ? ಆ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಓದುಗರ ಮುಂದಿಡುತ್ತೇನೆ.

ಅಂಚೆಕಾರ್ಡು ಹುಟ್ಟಿದ್ದು 1869ರಲ್ಲಿ, ಆಸ್ಟ್ರಿಯಾದಲ್ಲಿ. ಜಪಾನಿಗೆ ಅದು 1873ರಲ್ಲಿ ಬಂದಿತು. ನಮ್ಮ ದೇಶಕ್ಕೆ 1879ರ ಜುಲೈ ತಿಂಗಳಲ್ಲಿ, ಕಾಲಾಣೆ ಬೆಲೆಗೆ. ಅಂದರೆ ಈ ವಿಷಯದಲ್ಲಿ ನಾವು ಅವರಿಗಿಂತ ಬಹಳ ಹಿಂದೆ ಬಿದ್ದವರಲ್ಲ. ವ್ಯತ್ಯಾಸವಾದದ್ದು ಮುಂದೆ. 1900ರಲ್ಲಿ ಜಪಾನ್ ಸರ್ಕಾರ ಖಾಸಗಿಯವರೂ ಕಾರ್ಡು ಅಚ್ಚು ಹಾಕಬಹುದೆಂದು ಅನುಮತಿ ಕೊಟ್ಟಿತು. 1904–05ರಲ್ಲಿ ರಷ್ಯಾದೊಡನೆ ಯುದ್ಧ ನಡೆದಾಗ ಚಿತ್ರ ಕಾರ್ಡು ಸಂಗ್ರಹಿಸುವುದು ಅಲ್ಲಿ ಒಂದು ಗೀಳೇ ಆಯಿತು. ಅದುವರೆಗೆ ಯೊಕೊಹಾಮಾ ಬಂದರಿನ ಛಾಯಾಚಿತ್ರಕಾರರು ಹಡಗಿಳಿದು ಬರುವ ಬಿಳಿಯ ಪ್ರವಾಸಿಗರಿಗಾಗಿ ಚಿತ್ರ ತೆಗೆಯುತ್ತಿದ್ದರು. ಈಗ ಸ್ವತಃ ಜಪಾನೀಯರೇ ಕೊಳ್ಳತೊಡಗಿದರು. ಚಿತ್ರದಲ್ಲಿರುವವರ ಬಂಧುಬಳಗವೇ ಗಿರಾಕಿಗಳಾದರು. ಆದ್ದರಿಂದ ಕಾಲಕ್ರಮದಲ್ಲಿ ಪರ್ವತ, ದೇವಾಲಯಗಳ ಜೊತೆಗೆ ಶಾಲೆ, ರೈಲು ನಿಲ್ದಾಣ, ಅಂಗಡಿಬೀದಿ, ಸಣ್ಣ ಊರಿನ ಸೇತುವೆ ಎಲ್ಲವೂ ಕಾರ್ಡಿಗೆ ಏರಿದವು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ತೋಕಿಯೋ, ಯೊಕೊಹಾಮಾಗಳು ನೆಲಸಮವಾಗಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತಾಗ ಆ ಅವಶೇಷಗಳೂ ಕಾರ್ಡುಗಳಾಗಿ ಮಾರಾಟವಾದವು.

ಆದರೂ ಆ ಚಿತ್ರಗಳೆಲ್ಲ ಕಣ್ಣಿಗೆ ಕಟ್ಟಿದ ಸತ್ಯವೆಂದು ನಂಬುವುದು ತಪ್ಪಾದೀತು. ಅವುಗಳ ಬಣ್ಣ ಕ್ಯಾಮರಾ ಕೊಟ್ಟದ್ದಲ್ಲ. ಕಪ್ಪು-ಬಿಳುಪಿನಲ್ಲಿ ಅಚ್ಚಾದ ಕಾರ್ಡಿಗೆ ಕೆಲಸಗಾರರು ಕುಂಚ ಹಿಡಿದು ಕೈಯಿಂದ ಬಣ್ಣ ತುಂಬುತ್ತಿದ್ದರು. ಎಷ್ಟೋ ದೃಶ್ಯಗಳು ಸ್ಟುಡಿಯೋದೊಳಗೆ ಪರದೆಯ ಮುಂದೆ ನಿಲ್ಲಿಸಿ ತೆಗೆದವು. ಕಾರ್ಡುಗಳಿಗಿಂತ ಹಿಂದಿನ ಕಾಲದ ಛಾಯಾಚಿತ್ರಗಳಲ್ಲಿ ಬಿರುಗಾಳಿ ಮಳೆಯಲ್ಲಿ ಕೊಡೆ ಹಿಡಿದು ನಡೆಯುವ ಹೆಣ್ಣಿನ ಪ್ರಸಿದ್ಧ ಚಿತ್ರವೊಂದಿದೆ. ಅಲ್ಲಿ ಗಾಳಿಯೂ ಇರಲಿಲ್ಲ, ಮಳೆಯೂ ಇರಲಿಲ್ಲ. ಎರಡೂ ಛಾಯಾಚಿತ್ರಕಾರನ ಕೈಚಳಕ. ನಗುತ್ತ ನಾಟಿ ಮಾಡುವ ಹೆಂಗಸಿಗೆ ಸಂಜೆ ಬೆನ್ನು ಎಷ್ಟು ನೋಯುತ್ತಿತ್ತೆಂಬುದನ್ನು ಕಾರ್ಡು ಹೇಳುವುದಿಲ್ಲ. ಕೊಳ್ಳುವವನಿಗೆ ಏನು ಬೇಕೋ ಅದನ್ನೇ ಚಿತ್ರ ತೋರಿಸುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮ ಮೈಸೂರು ಸಂಸ್ಥಾನಕ್ಕೆ ಸಂಬಂಧಿಸಿದ ಚಿತ್ರ ಕಾರ್ಡುಗಳೂ ಅದೇ ಕಾಲದಲ್ಲಿ ಬಂದವು. ಮದರಾಸಿನ ಹಿಗಿನ್‌ಬಾಥಮ್ಸ್ ಸಂಸ್ಥೆ ಅವುಗಳನ್ನು ಪ್ರಕಟಿಸಿದವರಲ್ಲಿ ಮುಖ್ಯವಾದುದು. 2018ರಲ್ಲಿ ಲಂಡನ್ನಿನಲ್ಲಿ ಮದರಾಸು ಮತ್ತು ಬೆಂಗಳೂರಿನ ಹಳೆಯ ಕಾರ್ಡುಗಳ ಒಂದು ಪ್ರದರ್ಶನವೇ ನಡೆಯಿತು. ಈ ಕಾರ್ಡುಗಳಲ್ಲಿ ಬೆಂಗಳೂರಿನ ದಂಡು ಪ್ರದೇಶದ ಬೀದಿಗಳಿವೆ, ಕಬ್ಬನ್ ಪಾರ್ಕ್ ಇದೆ, ಮೈಸೂರಿನ ಅರಮನೆಯಿದೆ, ಜೋಗದ ಜಲಪಾತವಿದೆ. ಜನರೂ ಇದ್ದಾರೆ, ಅಗಸ, ಕ್ಷೌರಿಕ, ಆಯಾ, ಅಡುಗೆಯವನು ಎಂದು. ಯಾರಿಗೂ ಹೆಸರಿಲ್ಲ, ಕಸುಬಿನ ಪಟ್ಟಿ ಮಾತ್ರ. ಕೊಳ್ಳುವವರಲ್ಲಿ ಹೆಚ್ಚಿನವರು ದಂಡಿನ ಸಿಪಾಯಿಗಳು, ಅಧಿಕಾರಿಗಳು, ಅವರ ಮಡದಿಯರು. ತಮ್ಮ ಮನೆಯ ಕೆಲಸದವನ ಚಿತ್ರವನ್ನು ಅವರು ಇಂಗ್ಲೆಂಡಿಗೆ ಕಳುಹಿಸುತ್ತಿದ್ದರು. ಆ ಕೆಲಸದವನು ತನ್ನ ಹಳ್ಳಿಗೆ ಅಂಥ ಕಾರ್ಡು ಕಳುಹಿಸುವ ಪ್ರಮೇಯವೇ ಇರಲಿಲ್ಲ. ಜಪಾನಿಗೂ ನಮಗೂ ಇರುವ ಅಂತರ ಇಲ್ಲಿದೆ. ಅಲ್ಲಿ ಚಿತ್ರದಲ್ಲಿದ್ದವರೇ ಬರಬರುತ್ತ ಗಿರಾಕಿಗಳಾದರು. ಇಲ್ಲಿ ಚಿತ್ರದಲ್ಲಿದ್ದವನು ಕೊನೆಯವರೆಗೂ ಚಿತ್ರವಾಗಿಯೇ ಉಳಿದ. ದಂಡೂ ಇಲ್ಲದ, ಅರಮನೆಯೂ ಇಲ್ಲದ ಹೊಳಲ್ಕೆರೆ, ಹೊಸದುರ್ಗಗಳತ್ತ ಯಾವ ಕಾರ್ಡಿನ ವ್ಯಾಪಾರಿ ತಾನೇ ಕ್ಯಾಮರಾ ಹೊತ್ತು ಬಂದಾನು?

ಮಾರಿಕಣಿವೆಯನ್ನೇ ತೆಗೆದುಕೊಳ್ಳಿ. ಹಿರಿಯೂರಿನ ಬಳಿ ವೇದಾವತಿ ನದಿಗೆ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಕಟ್ಟಿದ ಈ ಕಲ್ಲಿನ ಅಣೆಕಟ್ಟು ಮುಗಿದದ್ದು 1907ರಲ್ಲಿ. ರೀಜೆಂಟ್ ಆಗಿ ಸಂಸ್ಥಾನವನ್ನು ಆಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕೆ ಇಟ್ಟರು. ಇದನ್ನು ಕಟ್ಟಿಸಿದವರು ವಿಶ್ವೇಶ್ವರಯ್ಯನವರೆಂದು ನಮ್ಮಲ್ಲಿ ಎಷ್ಟೋ ಮಂದಿ ಇಂದಿಗೂ ಹೇಳುತ್ತಾರೆ. ಆದರೆ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ, ಅಣೆಕಟ್ಟು ಮುಗಿದು ಎರಡು ವರ್ಷಗಳಾದ ಮೇಲೆ. ಅವರು 1898ರಲ್ಲೇ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ಶಿಕ್ಷಣಗಳನ್ನು ಕಣ್ಣಾರೆ ಕಂಡು ಬಂದವರು ಎಂಬುದು ಬೇರೆ ಮಾತು. ನಾನು ಹೇಳಹೊರಟದ್ದು ಇಷ್ಟೆ: ಅಣೆಕಟ್ಟಿಗೆ ಮಹಾರಾಣಿಯ ಹೆಸರಿದೆ, ಜನರ ಬಾಯಲ್ಲಿ ಕಟ್ಟದವರ ಹೆಸರೂ ಇದೆ. ಕಲ್ಲು ಸೀಳಿದವರ, ಗಾರೆ ಹೊತ್ತವರ ಹೆಸರೂ ಇಲ್ಲ, ಮುಖವೂ ಇಲ್ಲ.

ಹಾಗಾದರೆ ನಮ್ಮಲ್ಲಿ ಏನೂ ಇಲ್ಲವೆ? ಇದೆ. ನಮ್ಮಲ್ಲಿರುವುದು ಚಿತ್ರವಿಲ್ಲದ ಕಾರ್ಡು.

ಐವತ್ತು ದಾಟಿದ ಯಾರಿಗಾದರೂ ನೆನಪಿರುತ್ತದೆ. ನಡುಮನೆಯ ಗೋಡೆಗೆ ಅಥವಾ ಕಂಬಕ್ಕೆ ಒಂದು ಬಾಗಿದ ತಂತಿ, ಆ ತಂತಿಗೆ ಚುಚ್ಚಿದ ಕಾರ್ಡುಗಳ ಗೊಂಚಲು. 'ತೀರ್ಥರೂಪು ತಂದೆಯವರ ಪಾದಾರವಿಂದಗಳಲ್ಲಿ' ಎಂದು ಆರಂಭ, 'ಉಭಯ ಕುಶಲೋಪರಿ ಸಾಂಪ್ರತ' ಎಂದು ಒಂದು ಸಾಲು. ಆಮೇಲೆ ನಿಜವಾದ ಸುದ್ದಿ. ನನ್ನ ಬಳಿ ನಮ್ಮ ತಂದೆಗೆ ಹೊಳಲ್ಕೆರೆ ಕಡೆಯ ಬಂಧುವೊಬ್ಬರು ಬರೆದ ಒಂದು ಕಾರ್ಡಿದೆ. ಅದರಲ್ಲಿ ಇರುವುದು ಆರೇ ವಿಷಯ. ಮಖೆ ಮಳೆ ಚೆನ್ನಾಗಿ ಆಯಿತು. ರಾಗಿಯ ಕಳೆ ತೆಗೆಸಿದ್ದಾಯಿತು. ಬಿಳಿ ಎತ್ತು ಕುಂಟುತ್ತಿದೆ. ಕಡಲೆಕಾಯಿಗೆ ದುರ್ಗದ ಮಂಡಿಯಲ್ಲಿ ಏನು ಬೆಲೆಯೆಂದು ವಿಚಾರಿಸಿ ಬರೆಯುವುದು. ಗೌರಿ ಹಬ್ಬಕ್ಕೆ ಮಗಳನ್ನು ತಪ್ಪದೆ ಕಳುಹಿಸುವುದು. ಚಿಕ್ಕಜಾಜೂರಿಗೆ ಗಾಡಿ ಕಳುಹಿಸುತ್ತೇನೆ. ಇದಕ್ಕಿಂತ ಸ್ಪಷ್ಟವಾದ ನಿತ್ಯಜೀವನದ ಚಿತ್ರವನ್ನು ಯಾವ ಬಣ್ಣದ ಕಾರ್ಡು ಕೊಟ್ಟೀತು? ಮಳೆ, ಬೆಳೆ, ದನ, ಮಾರುಕಟ್ಟೆ, ಹಬ್ಬ, ಪ್ರಯಾಣ ಎಲ್ಲವೂ ಅಂಗೈಯಗಲದ ಕಾಗದದಲ್ಲಿ ಅಡಗಿವೆ.

ಇವೂ ಪೂರ್ಣ ಸತ್ಯವನ್ನು ಹೇಳುತ್ತವೆಂದು ನಾನು ವಾದಿಸುವುದಿಲ್ಲ. ಹಳ್ಳಿಗಳಲ್ಲಿ ಕೆಲಸ ಮಾಡಿದ ಉಪಾಧ್ಯಾಯರಿಗೆ ಕಾಗದ ಬರೆದುಕೊಡುವುದೂ ಕೆಲಸದ ಒಂದು ಭಾಗವೇ ಆಗಿತ್ತು. ಶಾಲೆ ಬಿಟ್ಟ ಮೇಲೆ ಒಬ್ಬ ತಾಯಿ ಸೆರಗಿನ ಗಂಟಿನಿಂದ ಕಾರ್ಡು ತೆಗೆದು ಕೊಡುತ್ತಿದ್ದಳು. ಊರಿನ ಕಷ್ಟವನ್ನೆಲ್ಲ ನನ್ನೆದುರು ತೋಡಿಕೊಂಡು, ಕಣ್ಣೊರೆಸಿಕೊಂಡು, ಕೊನೆಗೆ "ಇದ್ಯಾವುದೂ ಬರೀಬ್ಯಾಡಿ ಮೇಷ್ಟ್ರೆ, ಎಲ್ರೂ ಚೆನ್ನಾಗಿದೀವಿ ಅಂತ ಬರೀರಿ" ಎನ್ನುತ್ತಿದ್ದಳು. ಕಾರ್ಡು ತೆರೆದ ಪತ್ರ. ಅಂಚೆಯವನೂ ಓದುತ್ತಾನೆ, ಪಕ್ಕದ ಮನೆಯವರೂ ಓದುತ್ತಾರೆ. ಆದ್ದರಿಂದ 'ಕ್ಷೇಮ' ಎಂಬ ಮಾತಿನ ಹಿಂದೆ ಎಷ್ಟು ಅಕ್ಷೇಮವಿತ್ತೆಂಬುದು ಬರೆದ ಕೈಗಳಿಗೆ ಮಾತ್ರ ಗೊತ್ತು. ಜಪಾನಿನ ಕಾರ್ಡು ಬಣ್ಣದಿಂದ ಮರೆಮಾಡಿದ್ದನ್ನು ನಮ್ಮ ಕಾರ್ಡು ಮರ್ಯಾದೆಯಿಂದ ಮರೆಮಾಡಿತು. ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಮುಚ್ಚಿಡುವ ನಿರ್ಧಾರ ಆ ತಾಯಿಯದೇ ಆಗಿತ್ತು, ವ್ಯಾಪಾರಿಯದಲ್ಲ.

ಈ ದಾಖಲೆಯಲ್ಲಿ ಇನ್ನೊಂದು ದೊಡ್ಡ ಕೊರತೆಯೂ ಇದೆ. ಶುಭಸಮಾಚಾರದ ಕಾಗದದ ಮೂಲೆಗಳಿಗೆ ಅರಿಸಿನ-ಕುಂಕುಮ ಹಚ್ಚಿ ಕಳುಹಿಸುವ ಪದ್ಧತಿಯಿತ್ತು. ಅವು ತಂತಿಗೆ ಏರಿದವು. ಸಾವಿನ ಸುದ್ದಿಯ ಕಾರ್ಡನ್ನಾದರೋ ಓದಿದ ಕೂಡಲೇ ಹರಿದು ಬಿಸಾಡಬೇಕು, ಮನೆಯೊಳಗೆ ಇಟ್ಟುಕೊಳ್ಳಬಾರದು ಎಂಬುದು ನಂಬಿಕೆ. ಹೀಗಾಗಿ ನಮ್ಮ ಗೊಂಚಲುಗಳಲ್ಲಿ ಮದುವೆಗಳಿವೆ, ನಾಮಕರಣಗಳಿವೆ, ಮರಣಗಳಿಲ್ಲ. ಪ್ಲೇಗು, ಇನ್‌ಫ್ಲುಯೆಂಜಾಗಳ ಕಾಲದಲ್ಲಿ ಮನೆಮನೆಗೆ ಬಂದಿರಬಹುದಾದ ಅಂಥ ಕಾರ್ಡುಗಳಲ್ಲಿ ಎಷ್ಟು ಉಳಿದಿರಲು ಸಾಧ್ಯ? ದುಃಖವನ್ನು ಹೊರಗಿಟ್ಟ ಮನೆ ತನ್ನ ಚರಿತ್ರೆಯ ಅರ್ಧವನ್ನೂ ಹೊರಗಿಟ್ಟಿತು.

ಉಳಿದಿರುವ ಅರ್ಧವಾದರೂ ಉಳಿಯುತ್ತಿದೆಯೆ? ಇದೇ ನನ್ನ ಚಿಂತೆ. ನಮ್ಮ ತಾಲ್ಲೂಕುಗಳಲ್ಲಿ ಹಳೆಯ ಮಣ್ಣಿನ ಮಾಳಿಗೆಮನೆಗಳು ಒಂದೊಂದಾಗಿ ಬೀಳುತ್ತಿವೆ. ಹಿರಿಯರು ತೀರಿಕೊಂಡ ಮೇಲೆ ಬೆಂಗಳೂರಿನಿಂದ ಮಕ್ಕಳು ಎರಡು ದಿನದ ರಜೆ ಹಾಕಿ ಬರುತ್ತಾರೆ. ಹಿತ್ತಾಳೆ ಪಾತ್ರೆಗಳನ್ನು ಹಂಚಿಕೊಳ್ಳುತ್ತಾರೆ, ತೊಲೆ-ಬಾಗಿಲುಗಳನ್ನು ಮಾರುತ್ತಾರೆ, ಟ್ರಂಕಿನ ಕಾಗದವನ್ನು ತೂಕಕ್ಕೆ ಹಾಕುತ್ತಾರೆ ಇಲ್ಲವೆ ಬಚ್ಚಲ ಒಲೆಗೆ ಒಡ್ಡುತ್ತಾರೆ. ಹೊಸದುರ್ಗದ ಕಡೆ ಪರಿಚಿತರೊಬ್ಬರ ಮನೆಯಲ್ಲಿ ಮೂರು ತಲೆಮಾರಿನ ಕಾಗದಗಳು ಹೀಗೆ ಒಂದು ಬೆಳಿಗ್ಗೆ ಗುಜರಿ ಗಾಡಿ ಏರಿದವು. ಅವರು ಕೆಟ್ಟವರಲ್ಲ, ಅವಿದ್ಯಾವಂತರೂ ಅಲ್ಲ. ಚರಿತ್ರೆಯೆಂದರೆ ಕೋಟೆ, ಮದಕರಿನಾಯಕ, ಒನಕೆ ಓಬವ್ವ ಎಂದು ನಾವು ಶಾಲೆಗಳಲ್ಲಿ ಕಲಿಸಿದೆವು. ಅವರ ಅಜ್ಜಿ ಬರೆಸಿದ ಕಾರ್ಡೂ ಚರಿತ್ರೆಯೆಂದು ಪಠ್ಯಪುಸ್ತಕ ಎಂದೂ ಹೇಳಲಿಲ್ಲ.

ಇದನ್ನು ಹಳೆಯ ಕಾಲದ ಹಂಬಲವೆಂದು ಕೆಲವರು ನಗಬಹುದು. ಕಾರ್ಡಿನ ಕಾಲ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಬಾಣಂತನಕ್ಕೆ ಹೋದ ಮಗಳ ಸುದ್ದಿಗಾಗಿ ವಾರಗಟ್ಟಲೆ ಅಂಚೆಯವನ ದಾರಿ ಕಾಯುತ್ತಿದ್ದ ಮನೆಗಳನ್ನು ಕಂಡ ನನಗೆ ಮೊಬೈಲಿನ ಬೆಲೆ ಗೊತ್ತು. ನನ್ನ ಬೇಡಿಕೆ ಸಣ್ಣದು. ಮನೆಯಲ್ಲಿ ಉಳಿದಿರುವ ಕಾರ್ಡುಗಳನ್ನು ಒಮ್ಮೆ ಹೊರತೆಗೆಯಿರಿ. ಆ ಮೊಬೈಲಿನಿಂದಲೇ ಎರಡೂ ಬದಿಗಳ ಚಿತ್ರ ತೆಗೆಯಿರಿ. ವಿಳಾಸದ ಬದಿಯನ್ನು ಬಿಡಬೇಡಿ, ಊರೂ ತಾರೀಖೂ ಇರುವುದು ಅಂಚೆಮುದ್ರೆಯಲ್ಲಿ. ಬರೆದವರು ಯಾರು, ಯಾರಿಗೆ ಏನಾಗಬೇಕು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಗುರುತು ಹಾಕಿಕೊಳ್ಳಿ. ಬೇರೆಯವರ ಮಾನಕ್ಕೆ ಕುಂದು ತರುವಂಥದು ಇದ್ದರೆ ಅದು ಮನೆಯಲ್ಲೇ ಇರಲಿ. ಉಳಿದವುಗಳ ಪ್ರತಿಯನ್ನು ಊರ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ. ದುರ್ಗದ ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳನ್ನು ಇಟ್ಟಿದ್ದಾರೆ, ಒಳ್ಳೆಯದು. ಅವುಗಳ ಪಕ್ಕದಲ್ಲಿ ಜಿಲ್ಲೆಯ ಜನ ಪರಸ್ಪರ ಬರೆದುಕೊಂಡ ಕಾರ್ಡುಗಳಿಗೂ ಒಂದು ಗಾಜಿನ ಪೆಟ್ಟಿಗೆ ಏಕಿರಬಾರದು?

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಸಾವಿರಾರು ಜನ ಹೋಗಿ ಚಿತ್ರ ತೆಗೆದುಕೊಂಡು ಬಂದರು. ಅದಕ್ಕೆ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಹಿಂದೆ. ಆಗಲೂ ಜನ ಗಾಡಿ ಕಟ್ಟಿಕೊಂಡು ಹೋಗಿ ನೋಡಿರಲೇಬೇಕು. ನೋಡಿ ಬಂದವರು ದೂರದ ಬಂಧುಗಳಿಗೆ ಒಂದು ಸಾಲು ಬರೆದಿರಲೇಬೇಕು. ಆ ಸಾಲು ಹೊತ್ತ ಕಾರ್ಡು ಇಂದಿಗೂ ಯಾವುದೋ ಅಟ್ಟದ ಮೇಲೆ, ಯಾವುದೋ ತುಕ್ಕು ಹಿಡಿದ ತಂತಿಯಲ್ಲಿ ಇದ್ದರೂ ಇರಬಹುದು. ಹಿರಿಯೂರು ಸೀಮೆಯ ಓದುಗರು ದಯವಿಟ್ಟು ಒಮ್ಮೆ ಹುಡುಕಿ ನೋಡಬೇಕು.