ಕೌಂಟರಿನಲ್ಲಿ ಬಾಯಿ ಬಿಡದ ಫಾರ್ಮಸಿಸ್ಟ್

ನಮ್ಮ ಅಂಗಡಿಗೆ ತರಬೇತಿಗೆಂದು ಬರುವ ಡಿ.ಫಾರ್ಮ್ ಹುಡುಗರಿಗೆ ಬೀಟಾ ಬ್ಲಾಕರ್‌ಗಳ ವರ್ಗೀಕರಣ ಕೇಳಿ ನೋಡಿ, ಗಡಗಡ ಒಪ್ಪಿಸುತ್ತಾರೆ. ಪ್ರೊಪ್ರನಲಾಲ್ ಅನ್ನು ಆಸ್ತಮಾ ಇದ್ದವರಿಗೆ ಕೊಡಬಾರದೇಕೆ ಎಂದರೆ ಶ್ವಾಸನಾಳದ ಬೀಟಾ-2 ರಿಸೆಪ್ಟರ್ ತನಕ ಹೋಗಿ ಬರುತ್ತಾರೆ. ಆದರೆ ಅದೇ ಮಾತ್ರೆಯ ಚೀಟಿ ಹಿಡಿದು ಕೌಂಟರಿನ ಆಚೆ ನಿಂತವರನ್ನು ‘ನಿಮಗ ದಮ್ಮು ಐತೇನ್ರಿ?’ ಎಂದು ಕೇಳು ಅಂದರೆ ಬಾಯಿ ಕಟ್ಟುತ್ತದೆ. ಫಾರ್ಮಕಾಲಜಿ ಪಾಠ ಹೇಳಿ ನಿವೃತ್ತಳಾಗಿ, ಈಗ ಗದಗಿನಲ್ಲಿ ಸಣ್ಣದೊಂದು ಮೆಡಿಕಲ್ ಶಾಪ್ ನಡೆಸುತ್ತಿರುವ ನನಗೆ ಇದು ಹುಡುಗರ ಕೊರತೆ ಎನಿಸುವುದಿಲ್ಲ. ನಾವು ಕಲಿಸುವ ಕ್ರಮವೇ ಹಾಗಿದೆ.

ನಾವು ಓದುವ ಕಾಲದಲ್ಲಂತೂ ಪ್ರಾಕ್ಟಿಕಲ್ ಎಂದರೆ ಕಪ್ಪೆಯ ಹೃದಯ, ಮೊಲದ ಕಣ್ಣು. ಅಸೆಟೈಲ್ಕೋಲಿನ್ ಹಾಕಿದರೆ ಕಪ್ಪೆಯ ಸ್ನಾಯು ಎಷ್ಟು ಸೆಟೆಯಿತು ಎಂಬುದನ್ನು ಮಸಿ ಹಿಡಿಸಿದ ಕಾಗದದ ಮೇಲೆ ಗೀರಿ, ಅದನ್ನು ಜೋಪಾನವಾಗಿ ರೆಕಾರ್ಡ್ ಬುಕ್ಕಿಗೆ ಅಂಟಿಸುತ್ತಿದ್ದೆವು. ಈಗ ಕಪ್ಪೆಗಳು ಬದುಕಿಕೊಂಡಿವೆ, ಕಂಪ್ಯೂಟರ್ ಬಂದಿದೆ. 2020ರ ಹೊಸ ಪಠ್ಯಕ್ರಮದಲ್ಲಿ ರೋಗಿಗೆ ತಿಳಿಹೇಳುವ ಅಭ್ಯಾಸವೂ ಸೇರಿದೆ. ಕಾಗದದ ಮೇಲೆ ಎಲ್ಲ ಚೆನ್ನಾಗಿಯೇ ಇದೆ. ಆದರೆ ಆ ಅಭ್ಯಾಸ ನಡೆಯುವುದು ಹೇಗೆ? ಒಬ್ಬ ಹುಡುಗ ರೋಗಿ, ಇನ್ನೊಬ್ಬ ಫಾರ್ಮಸಿಸ್ಟ್, ಇಬ್ಬರೂ ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ಸಂಭಾಷಣೆ. ಗದಗಿನ ಯಾವ ರೋಗಿ ಇಂಗ್ಲಿಷಿನಲ್ಲಿ ಕೆಮ್ಮುತ್ತಾನೋ ನನಗಂತೂ ಗೊತ್ತಿಲ್ಲ.

ಔಷಧ ಕೊಡುವವರು ಬಾಯಿ ಬಿಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮೆಥೊಟ್ರೆಕ್ಸೇಟ್ ಸಾಕು. ಕೀಲುವಾತಕ್ಕೆ ಇದನ್ನು ಕೊಡುವುದು ವಾರಕ್ಕೆ ಒಂದೇ ದಿನ. ಕೀಲುನೋವಿನ ಉಳಿದ ಮಾತ್ರೆಗಳೆಲ್ಲ ದಿನಾ ನುಂಗುವಂಥವು. ಮನೆಯಲ್ಲಿ ಯಾರೋ ಇದನ್ನೂ ಅವುಗಳ ಡಬ್ಬಿಗೇ ಹಾಕುತ್ತಾರೆ. ದಿನಾ ನುಂಗಿದರೆ ಮೂಳೆಯ ಮಜ್ಜೆ ರಕ್ತಕಣ ಹುಟ್ಟಿಸುವುದು ನಿಲ್ಲುತ್ತದೆ, ಬಾಯೆಲ್ಲ ಹುಣ್ಣಾಗುತ್ತದೆ, ಜೀವವೇ ಹೋಗಬಹುದು. ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ ಎಂದು ಬರೆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ. ಅಂಗಡಿಯಲ್ಲಿ ಬೇಕಾದದ್ದು ಬೇರೆ ಮಾತು: ‘ಅಜ್ಜಾರ, ಈ ಗುಳಿಗಿ ವಾರಕ್ಕ ಒಂದ ದಿನ. ಸೋಮವಾರ ಅಂದ್ರ ಸೋಮವಾರ ಅಷ್ಟ. ಇದನ್ನ ಬ್ಯಾರೆ ಗುಳಿಗಿ ಜೋಡಿ ಇಡಬ್ಯಾಡ್ರಿ.’ ಹೀಗೆ ಹೇಳಿ, ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ‘ಸೋಮವಾರ’ ಎಂದು ಬರೆದುಕೊಡಬೇಕು.

ಇನ್ನು ಮಕ್ಕಳ ಪ್ಯಾರಾಸಿಟಮಾಲ್. ಹನಿ ಹಾಕುವ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಸಾಮಾನ್ಯ ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ, ಅಂದರೆ ಒಂದು ಮಿ.ಲೀ.ಗೆ 25 ಮಾತ್ರ. ಹನಿ ಬಾಟಲಿ ನಾಲ್ಕು ಪಟ್ಟು ಗಟ್ಟಿ. ಹತ್ತು ಕಿಲೋ ತೂಗುವ ಕೂಸಿಗೆ ಒಂದು ಸಲಕ್ಕೆ ಬೇಕಾದದ್ದು 100ರಿಂದ 150 ಮಿ.ಗ್ರಾಂ. ಹಿಂದಿನ ಸಲ ಸಿರಪ್ಪನ್ನು 5 ಮಿ.ಲೀ. ಹಾಕಿದ ತಾಯಿ ಈ ಸಲ ಹನಿಯ ಔಷಧವನ್ನೂ ಅಷ್ಟೇ ಹಾಕಿದರೆ 500 ಮಿ.ಗ್ರಾಂ ಹೋಯಿತು. ಜ್ವರ ಇಳಿಯದೆ ನಾಲ್ಕೈದು ಸಲ ಹಾಕಿದರೆ ಕೂಸಿನ ಲಿವರ್ ಗತಿ ಏನು?

ಇನ್ಸುಲಿನ್ನಿನ ಕಥೆಯೂ ಇಂಥದ್ದೇ. ನಮ್ಮಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುವ ವಯಲ್ ಇದೆ, 100 ಯೂನಿಟ್ ಇರುವುದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 50 ಯೂನಿಟ್. ‘ಸಿರಿಂಜು ಕೊಡ್ರಿ’ ಎಂದವರಿಗೆ ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸುವ ಅಂಗಡಿಗಳನ್ನು ನಾನು ಕಂಡಿದ್ದೇನೆ.

ದಮ್ಮಿನ ರೋಟಾಕ್ಯಾಪ್ಸೂಲನ್ನು ನುಂಗುವವರು ಇಂದಿಗೂ ಇದ್ದಾರೆ. ಅದನ್ನು ಪುಟ್ಟ ಯಂತ್ರದಲ್ಲಿ ಇಟ್ಟು ಪುಡಿಯನ್ನು ಉಸಿರಿನೊಂದಿಗೆ ಎಳೆದುಕೊಳ್ಳಬೇಕು. ಆದರೆ ನೋಡಲು ಥೇಟ್ ಕ್ಯಾಪ್ಸೂಲ್, ನುಂಗದೆ ಇನ್ನೇನು ಮಾಡಿಯಾರು? ಹಾಗೆ ನುಂಗುತ್ತಲೇ ಇದ್ದ ಹಿರಿಯರೊಬ್ಬರು ‘ಈ ಔಷಧ ನನಗ ಹತ್ತವಲ್ದು’ ಎಂದು ಡಾಕ್ಟರನ್ನೇ ಬದಲಿಸಿದ್ದರು. ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ ಮಾತ್ರೆಯ ಖಾಲಿ ಕವಚ ಮಲದಲ್ಲಿ ಹೊರಬರುವುದುಂಟು. ಔಷಧವೆಲ್ಲ ಒಳಗೇ ಇಳಿದಿರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ, ಗುಳಿಗಿ ಹೊಟ್ಟೆಯಲ್ಲಿ ಕರಗಲೇ ಇಲ್ಲ ಎಂದು ಗಾಬರಿಯಾಗಿ ಬಿಟ್ಟುಬಿಡುತ್ತಾರೆ.

ಸಂಜೆ ಏಳಕ್ಕೆ ಕ್ಲಿನಿಕ್‌ಗಳಿಂದ ಜನ ಒಮ್ಮೆಲೇ ಬರುವಾಗ ಎಲ್ಲರಿಗೂ ಪಾಠ ಹೇಳುತ್ತ ಕೂಡಲು ಆಗುತ್ತದೆಯೇ ಎಂದು ಅಂಗಡಿಯವರು ಕೇಳುತ್ತಾರೆ. ಆಗುವುದಿಲ್ಲ, ಒಪ್ಪುತ್ತೇನೆ. ನೆಗಡಿಯ ಮಾತ್ರೆಗೆ ಭಾಷಣ ಬೇಡ. ವಾರದ ಮಾತ್ರೆ, ಇನ್ಸುಲಿನ್, ಇನ್ಹೇಲರ್, ಕೂಸಿನ ಔಷಧ ಬಂದಾಗಲಾದರೂ ಕೈ ನಿಲ್ಲಿಸಿ ಒಂದು ನಿಮಿಷ ಮಾತಾಡಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯ ಪ್ರಕಾರ ಆ ಮಾತನ್ನು ನೋಂದಾಯಿತ ಫಾರ್ಮಸಿಸ್ಟ್ ತಾನೇ ಆರಂಭಿಸಬೇಕು. ರೋಗಿ ಕೇಳಲಿ ಎಂದು ಕಾಯುವ ಹಾಗಿಲ್ಲ.

ಫಾರ್ಮಸಿಸ್ಟ್ ಅಂಗಡಿಯಲ್ಲಿ ಇದ್ದರೆ ತಾನೇ! ಸರ್ಟಿಫಿಕೇಟ್ ಗೋಡೆಯ ಮೇಲೆ, ಆಸಾಮಿ ಬೇರೆ ಊರಿನಲ್ಲಿ, ತಿಂಗಳಿಗಿಷ್ಟು ಬಾಡಿಗೆ: ಈ ವ್ಯವಹಾರ ಎಲ್ಲರಿಗೂ ಗೊತ್ತು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ನೋಂದಣಿ ಇಲ್ಲದವರು ಚೀಟಿಯ ಮೇಲೆ ಔಷಧ ಕೊಡುವುದನ್ನು ನಿಷೇಧಿಸಿದೆ. ಸರ್ಟಿಫಿಕೇಟ್ ಬಾಡಿಗೆಗೆ ಕೊಡುವ ಹುಡುಗನಿಗೆ ನಾನು ಕಲಿಸಿದ ಫಾರ್ಮಕಾಲಜಿ ಯಾವ ಉಪಯೋಗಕ್ಕೂ ಬರಲಿಲ್ಲ, ಯಾರ ಉಪಯೋಗಕ್ಕೂ ಬರಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಪರೀಕ್ಷಕರೇ ರೋಗಿಯಾಗಿ ಕೂರಲಿ. ಮೇಜಿನ ಮೇಲೆ ನಿಜವಾದ ಬಾಟಲಿ, ನಿಜವಾದ ಶೀಟು ಇರಲಿ. ಅಕ್ಷರ ಬಾರದ ತಾಯಿಗೆ ಹೇಳುವಂತೆ ಕನ್ನಡದಲ್ಲೋ ಉರ್ದುವಿನಲ್ಲೋ ತುಳುವಿನಲ್ಲೋ ವಿದ್ಯಾರ್ಥಿ ವಿವರಿಸಲಿ. ಅದರಲ್ಲಿ ಫೇಲಾದವರು ಉಳಿದೆಲ್ಲ ಪತ್ರಿಕೆಗಳಲ್ಲಿ ತೊಂಬತ್ತು ತೆಗೆದಿದ್ದರೂ ಫೇಲು. ಡಿಪ್ಲೊಮಾ ಮುಗಿಸಿ ನೋಂದಣಿಗೆ ಮುನ್ನ ಬರೆಯುವ ಎಕ್ಸಿಟ್ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ಗುರುತು ಹಾಕಿದರೆ ಆಯಿತು. ಬಾಯಿ ಬಿಡುವ ಪ್ರಸಂಗವೇ ಇಲ್ಲ. ಡಿಪ್ಲೊಮಾದವರಿಗೆ ಕಡ್ಡಾಯವಾದ 500 ಗಂಟೆಗಳ ತರಬೇತಿಯಲ್ಲಿ ಅರ್ಧದಷ್ಟಾದರೂ ಚೀಟಿ ನೋಡಿ ಔಷಧ ಕೊಡುವ ಕೆಲಸಕ್ಕೇ ಮೀಸಲಾಗಬೇಕೆಂದು ನಿಯಮವಿದೆ. ಅಂಗಡಿ ಮಾಲೀಕರು ದಯವಿಟ್ಟು ಆ ಹುಡುಗರಿಂದ ಬಾಕ್ಸ್ ಒಡೆಸಿ ರ‍್ಯಾಕ್ ತುಂಬಿಸುವುದನ್ನು ಬಿಟ್ಟು, ಅವರನ್ನು ಕೌಂಟರಿಗೆ ನಿಲ್ಲಿಸಿ.

ಓದುಗರೇ, ನೀವೂ ಮುಂದಿನ ಸಲ ಕವರ್ ಕೈಗೆ ಬಂದ ಕೂಡಲೇ ಹೊರಡಬೇಡಿ. ಇಲ್ಲಿ ಫಾರ್ಮಸಿಸ್ಟ್ ಯಾರು ಎಂದು ಕೇಳಿ. ಅವರನ್ನೇ ಕರೆಸಿ, ಯಾವ ಮಾತ್ರೆ ಯಾವಾಗ, ಎಷ್ಟು ದಿನ ಎಂದು ಕೇಳಿ, ಕವರಿನ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.