ಪ್ರೊಫೈಲರ್ ಆಯ್ಕೆಗಳು ಅಳೆಯುವವರ ಕೈಯಲ್ಲೇ ಇರಲಿ
ಪೈಥಾನ್ ಇಂಟರ್‌ಪ್ರಿಟರಿನ ವೇಗ ಅಳೆಯುವ ಪೈಪರ್ಫ್‌ನಲ್ಲಿ ಲಿನಕ್ಸಿನ ಪರ್ಫ್ ಪ್ರೊಫೈಲರನ್ನು ಓಡಿಸುವ ಒಂದು ಹುಕ್ ಇದೆ. ಪರ್ಫ್‌ಗೆ ಬೇಕಾದ ಹೆಚ್ಚುವರಿ ಆಯ್ಕೆಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ದಾಟಿಸಬಹುದು. ಈ ಸೌಲಭ್ಯವೇ ಬೇಡ ಎನ್ನುವವರಿದ್ದಾರೆ. ಅವರ ವಾದಗಳು ನನಗೆ ಒಪ್ಪಿಗೆಯಾಗಿಲ್ಲ.

ಎಲ್ಲರಿಗೂ ಒಂದೇ ಸಿದ್ಧ ಆಯ್ಕೆ ಸಾಕು ಎನ್ನುವುದು ಅವರ ಮುಖ್ಯ ಮಾತು. ಲೆಕ್ಕ ಹಾಕಿ ನೋಡೋಣ. ಪೈಪರ್ಫ್ ಸಾಮಾನ್ಯವಾಗಿ 20 ಪ್ರೋಸೆಸ್‌ಗಳಲ್ಲಿ ತಲಾ 3 ಸಲ ಅಳೆಯುತ್ತದೆ. ಅಳತೆಯೊಂದಕ್ಕೆ 100 ಮಿಲಿಸೆಕೆಂಡ್ ಎಂದರೂ ಒಟ್ಟು 6 ಸೆಕೆಂಡ್. ಸೆಕೆಂಡಿಗೆ 99 ಸಲ ಇಣುಕಿದರೆ ಸಿಗುವುದು ಸುಮಾರು 600 ಸ್ಯಾಂಪಲ್. ನೂರಾರು ಆಪ್‌ಕೋಡ್‌ಗಳ ನಡುವೆ ಅವು ಹಂಚಿಹೋದರೆ ಯಾವುದು ದುಬಾರಿ ಎಂದು ಹೇಳಲಾಗದು. 9,999ಕ್ಕೆ ಏರಿಸಿದರೆ 60,000 ಸ್ಯಾಂಪಲ್ ಸಿಗುತ್ತವೆ, ನಿಜ. ಆದರೆ ಫಂಕ್ಷನ್ ಕರೆಗಳ ಸರಣಿಯನ್ನು ಪತ್ತೆಹಚ್ಚುವ ಡ್ವಾರ್ಫ್ ವಿಧಾನದಲ್ಲಿ ಪ್ರತಿ ಸ್ಯಾಂಪಲ್ಲಿಗೂ 8,192 ಬೈಟ್ ಸ್ಟ್ಯಾಕ್ ನಕಲಾಗುತ್ತದೆ; ಒಟ್ಟು 49 ಕೋಟಿ ಬೈಟ್! ಫ್ರೇಮ್ ಪಾಯಿಂಟರ್ ಉಳಿಸಿಕೊಂಡು ಕಂಪೈಲ್ ಮಾಡಿದ ಇಂಟರ್‌ಪ್ರಿಟರಿಗೆ ಈ ಭಾರ ಬೇಕಿಲ್ಲ. ಅದು ಹೇಗೆ ಕಂಪೈಲ್ ಆಗಿದೆ ಎಂಬುದು ಅಳೆಯುವವರಿಗೆ ಗೊತ್ತು, ಸಲಕರಣೆ ಬರೆದವರಿಗಲ್ಲ.

ಸಮಯದ ಅಂಕಿಯೊಂದನ್ನೇ ನಂಬುವ ಅಪಾಯವನ್ನೂ ನಾವು ಕಂಡಿದ್ದೇವೆ. ಪೈಥಾನ್ 3.14ರ ಟೇಲ್-ಕಾಲ್ ಇಂಟರ್‌ಪ್ರಿಟರ್ ಶೇ. 9ರಿಂದ 15ರಷ್ಟು ವೇಗ ಎಂಬ ವರದಿ ಮೊದಲು ಬಂತು. ಹೋಲಿಕೆಗೆ ಇಟ್ಟುಕೊಂಡ ಹಳೆಯ ಇಂಟರ್‌ಪ್ರಿಟರನ್ನು ಕಂಪೈಲರ್ ಎಲ್‌ಎಲ್‌ವಿಎಂ 19ರ ದೋಷವೊಂದು ನಿಧಾನಗೊಳಿಸಿತ್ತು ಎಂದು ತಿಳಿದ ಮೇಲೆ ಅದು ಶೇ. 3ರಿಂದ 5ಕ್ಕೆ ಇಳಿಯಿತು. ಇಂಥ ಕಡೆ ಎಷ್ಟು ಸೂಚನೆಗಳು ಓಡಿದವು, ಬ್ರಾಂಚ್ ಊಹೆ ಎಷ್ಟು ಸಲ ತಪ್ಪಿತು ಎಂದೂ ಕೇಳಬೇಕು. ಬೇರೆ ಬೇರೆ ಇವೆಂಟ್ ಆರಿಸಲು ಬಿಡದ ಸಲಕರಣೆಗೆ ಆ ಪ್ರಶ್ನೆ ಹಾಕುವುದಾದರೂ ಹೇಗೆ?

ಒಬ್ಬೊಬ್ಬರು ಒಂದೊಂದು ಆಯ್ಕೆ ಕೊಟ್ಟರೆ ಫಲಿತಾಂಶ ಹೋಲಿಸಲಾಗದು ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಪ್ರೊಫೈಲರ್ ಓಟವನ್ನು ಕುಂಟಿಸುತ್ತದೆ. ಆದರೆ ಸಿದ್ಧ ಆಯ್ಕೆಯೂ ಕುಂಟಿಸುತ್ತದಲ್ಲ! ಪ್ರೊಫೈಲ್ ಮಾಡಿದ ಓಟದಿಂದ ವೇಗದ ಅಂಕಿ ತೆಗೆಯಲೇಬಾರದು. ಅದಕ್ಕೆ ಪ್ರತ್ಯೇಕ ಓಟ ಬೇಕು. ಬಳಸಿದ ಆಯ್ಕೆಗಳನ್ನು ಪ್ರೊಫೈಲಿನ ಜೊತೆಗೇ ಬರೆದಿಟ್ಟರೆ ಯಾರು ಬೇಕಾದರೂ ಅದೇ ರೀತಿ ಮತ್ತೆ ಓಡಿಸಿ ನೋಡಬಹುದು.

ಬೇಕಿದ್ದವರು ಪರ್ಫ್ ಅನ್ನು ತಾವೇ ಹೊರಗಿನಿಂದ ಓಡಿಸಲಿ ಎನ್ನುತ್ತಾರೆ. ಹಾಗೆ ಓಡಿಸಿದರೆ ಮಾಡ್ಯೂಲ್ ಇಂಪೋರ್ಟ್, ಕ್ಯಾಲಿಬ್ರೇಶನ್, ಪ್ರೋಸೆಸ್‌ಗಳ ಮೇಲ್ವಿಚಾರಣೆ ಎಲ್ಲವೂ ಪ್ರೊಫೈಲಿನಲ್ಲಿ ಬೆರೆಯುತ್ತವೆ. ಬೆಂಚ್‌ಮಾರ್ಕ್ ಕೋಡಿನ ಹಿಂದೆ ಮುಂದೆ ಮಾತ್ರ ಶುರುವಾಗಿ ನಿಲ್ಲುವುದೇ ಹುಕ್‌ನ ಪ್ರಯೋಜನ.

ನಿರ್ವಹಣೆಯ ಹೊರೆ ಹೆಚ್ಚುತ್ತದೆ ಎಂಬುದು ಕೊನೆಯ ಆಕ್ಷೇಪ. ಹೊರೆ ಹೆಚ್ಚುವುದು ಆಯ್ಕೆಗಳ ಪಟ್ಟಿಯನ್ನು ಸಲಕರಣೆಯೊಳಗೆ ಇಟ್ಟುಕೊಂಡಾಗ. ಪೈಥಾನ್ 3.12ರ ಪರ್ಫ್ ಬೆಂಬಲಕ್ಕೆ ಫ್ರೇಮ್ ಪಾಯಿಂಟರ್ ಬೇಕಿತ್ತು, 3.13ರಲ್ಲಿ ಅದಿಲ್ಲದೆಯೂ ನಡೆಯುವ ವಿಧಾನ ಬಂತು, ಅದಕ್ಕೆ ಡ್ವಾರ್ಫ್ ಆಯ್ಕೆಯೂ ಗಡಿಯಾರದ ಆಯ್ಕೆಯೂ ಬೇಕು. ಪಟ್ಟಿ ಒಳಗಿದ್ದರೆ ಪ್ರತಿ ಬದಲಾವಣೆಗೂ ಪೈಪರ್ಫ್‌ನ ಹೊಸ ಆವೃತ್ತಿ ಹೊರಡಿಸಬೇಕು. ಕೊಟ್ಟ ಸ್ಟ್ರಿಂಗನ್ನು ಹಾಗೇ ದಾಟಿಸಿದರೆ ತಪ್ಪಿದ್ದಲ್ಲಿ ಪರ್ಫ್ ತಾನೇ ಹೇಳುತ್ತದೆ.